ಜಾಡಿಯ ಹೆಣ್ಣುಮಕ್ಕಳು

ಗುರುವಾರ, ಮೇ ೧೪

ಜಾಡಿ ತುಂಬ ನೀರಿದೆ, ಜೀವವಿಲ್ಲ. ನೀರಲ್ಲಿ ಕುಪ್ಪಳಿಸುತ್ತ ಈಜುವ, ಸಾಸಿವೆಗಿಂತ ಚಿಕ್ಕ ಜೀವಿಗಳಾದ ನೀರುಚಿಗಟಗಳೆಲ್ಲ ಸತ್ತು ತಳ ಸೇರಿವೆ.

ನಿವೃತ್ತರಾಗುವಾಗ ಲ್ಯಾಬಿನ ಮೇಷ್ಟ್ರು ನನ್ನ ಕೈಗಿಟ್ಟ ಜಾಡಿ ಅದು. ಇವು ಗಂಡಿನ ಹಂಗಿಲ್ಲದೆ ಹುಟ್ಟುತ್ತವೆ: ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು, ಎಲ್ಲ ಒಂದೇ ಬಳ್ಳಿ. ಅದಕ್ಕೇ ಅವರು ಫೋನ್ ಮಾಡಿದಾಗಲೆಲ್ಲ "ಹೆಣ್ಮಕ್ಕಳು ಹೇಗಿದ್ದಾರೆ?" ಎಂದೇ ಕೇಳುವುದು.

ನೀರು ಹಸಿರು ಕಂಡರೆ ಅವಕ್ಕೆ ಊಟ ಎನ್ನುವುದು ನಮ್ಮ ಲ್ಯಾಬಿನ ರೂಢಿ. ಮೊನ್ನೆ ಕೆರೆಯ ನೀರು ಬಣ್ಣ ಕಲಸಿದಷ್ಟು ಹಸಿರಾಗಿತ್ತು. ಖುಷಿಯಿಂದ ತಂದು ಸುರಿದೆ. ಅದು ವಿಷದ ಪಾಚಿ. ಬಾಯಿಗೆ ಬಂದದ್ದನ್ನೆಲ್ಲ ಸೋಸಿ ನುಂಗುವ ಜೀವಗಳಿಗೆ ಬೇಡ ಎನ್ನಲು ಬರುವುದಿಲ್ಲ.

ಸಂಜೆ ಮೇಷ್ಟ್ರ ಫೋನ್ ಬಂತು. ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಬ್ಬಳಾದ್ರೂ ಉಳಿದಿದ್ದಾಳಾ?"

"ಒಬ್ಬಳಿದ್ದಾಳೆ ಸರ್, ಮೈಕ್ರೋಸ್ಕೋಪ್ ಕೆಳಗೆ. ಉಳಿಯಲ್ಲ."

"ಹಾಗಾದ್ರೆ ಫೋನಿಡಮ್ಮ. ಅವಳ ಹತ್ರ ಕೂತ್ಕೋ."

ಗಾಜಿನಂಥ ಮೈಯೊಳಗೆ ಹೃದಯ ಕಾಣುತ್ತಿತ್ತು. ಮಿಡಿಯಿತು, ನಿಂತಿತು, ಮತ್ತೆ ಮಿಡಿಯಿತು. ಬೆನ್ನಿನ ಚೀಲದಲ್ಲಿ ಇನ್ನೂ ಎರಡು ಮೊಟ್ಟೆ. ಆಮೇಲೆ ಏನೂ ಅಲುಗಲಿಲ್ಲ. ಮೈಕ್ರೋಸ್ಕೋಪಿನ ದೀಪ ಆರಿಸಲು ಕೈ ಬರಲಿಲ್ಲ.

ಇನ್ನು ಮೇಷ್ಟ್ರು ಫೋನ್ ಮಾಡಿದರೆ ಏನಂತ ಕೇಳುತ್ತಾರೋ.