ಮಹಡಿ ಕೋಣೆಯ ನೀಮಾ

ರಾಮಕೃಷ್ಣನಗರ, ಮೈಸೂರು
ಭಾನುವಾರ, 16 ಫೆಬ್ರವರಿ 2025

ಚಿ. ನಿಶ್ಚಿತಾಳಿಗೆ ಅಮ್ಮನ ಆಶೀರ್ವಾದ.

ನೀನು ಕಳಿಸಿದ ಮೆಸೇಜುಗಳನ್ನೆಲ್ಲ ನೋಡಿದ್ದೇನೆ. ‘ಯಾಕಮ್ಮ ಫೋನ್ ಎತ್ತುತ್ತಿಲ್ಲ, ಹುಷಾರಿಲ್ವಾ’ ಅಂತ ಕೇಳಿದ್ದೀಯ. ಮೈಗೆ ಏನೂ ಆಗಿಲ್ಲ. ಉತ್ತರ ಕೊಡುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡಿದರೆ ನಾನು ಕೂಗಾಡುತ್ತೇನೆ, ನೀನು ಅಳುತ್ತೀಯ, ಆಮೇಲೆ ನಾನೇ ಸಮಾಧಾನ ಮಾಡುತ್ತಾ ಕೂರಬೇಕು. ಈ ಸಲ ಸಮಾಧಾನ ಮಾಡುವ ಮನಸ್ಸು ನನಗಿಲ್ಲ. ಅದಕ್ಕೇ ಕಾಗದ. ಇದು ನಿಧಾನವಾಗಿ ಬಂದು ಸೇರಲಿ, ನೀನೂ ನಿಧಾನವಾಗಿ ಓದು.

ಲೀಡ್ಸಿನಲ್ಲಿ ಇನ್ನೂ ಚಳಿ ಅಂತ ಗೊತ್ತು. ಕಾಲುಚೀಲ ಹಾಕಿಕೊಂಡೇ ಮಲಗು. ಇಲ್ಲಿ ಆಗಲೇ ಬಿಸಿಲು ಸುಡುತ್ತಿದೆ. ಸ್ಕೂಲಿನಲ್ಲಿ ಹತ್ತನೇ ಕ್ಲಾಸಿನವರಿಗೆ ಪೂರ್ವಸಿದ್ಧತಾ ಪರೀಕ್ಷೆ, ನನಗೆ ಕತ್ತೆತ್ತಲು ಬಿಡುವಿಲ್ಲ. ನಿಮ್ಮಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ವಾಕಿಂಗು, ಆಮೇಲೆ ಶಿವರಾಂಪೇಟೆ ಅಂಗಡಿ, ಅದೇ ಸ್ವಿಚ್ಚು, ಅದೇ ವೈರು. ನಾನು ಅವರ ಹತ್ತಿರ ಮಾತು ಬಿಟ್ಟಿದ್ದೇನೆ. ಹೊತ್ತಿಗೆ ಸರಿಯಾಗಿ ಬಡಿಸುತ್ತೇನೆ, ಅಷ್ಟೆ.

ನೀಮಾ ಮನೆ ಬಿಟ್ಟು ಹೋದಳು. ಹೋದಳು ಅಂತ ಬರೆದರೆ ಸುಳ್ಳಾಗುತ್ತೆ. ಕಳಿಸಿಬಿಟ್ಟರು.

ಅವಳ ವಿಷಯ ನಿನಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದೆ. ಈಗ ಪೂರ್ತಿ ಕೇಳು. ನನ್ನ ಹಳೇ ವಿದ್ಯಾರ್ಥಿನಿ ಸಮನ್ವಿತಾ ನಿನಗೆ ಗೊತ್ತಲ್ಲ, ಸಿದ್ಧಾರ್ಥನಗರದಲ್ಲಿ ಅಜ್ಜಿ ಜೊತೆ ಇರುವವಳು. ಈಗ ಮಾನಸಗಂಗೋತ್ರಿಯಲ್ಲಿ ಆಹಾರ ವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದಾಳೆ. ಹೊಸ ವರ್ಷದ ಹೊತ್ತಿಗೆ ಅವಳು ತನ್ನ ಸಹಪಾಠಿಯನ್ನು ಕರೆದುಕೊಂಡು ಬಂದಳು. ಟಾಂಜಾನಿಯಾದ ಹುಡುಗಿ, ನೀಮಾ. ಎತ್ತರದ ಆಳು, ತಲೆತುಂಬ ಸಣ್ಣ ಸಣ್ಣ ಜಡೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಅದನ್ನು ನೆಟ್ಟಗೆ ಜೋಡಿಸಿ ಒಳಗೆ ಬಂದಳು.

“ಮಿಸ್, ಇವಳು ಮನೆಗಾಗಿ ಸುತ್ತದ ಏರಿಯಾನೇ ಇಲ್ಲ. ಫೋನಲ್ಲಿ ಖಾಲಿ ಇದೆ ಅಂತಾರೆ, ಎದುರಿಗೆ ಹೋಗಿ ನಿಂತ್ರೆ ಕೊಟ್ಬುಟ್ವಿ ಅಂತಾರೆ. ಗೋಕುಲಂನಲ್ಲಿ ಎಲ್ಲಾ ಫಾರಿನರ್ಸೇ ಇರೋದಲ್ವಾ ಅಂತ ಅಲ್ಲಿಗೂ ಹೋದ್ವಿ. ಒಬ್ರು ಇವಳ ಮುಖ ನೋಡಿ, ನಾವು ಯೋಗ ಕಲಿಯೋಕೆ ಬಂದೋರಿಗೆ ಮಾತ್ರ ಕೊಡೋದು ಅಂದ್ರು” ಅಂದಳು ಸಮನ್ವಿತಾ.

ನೀನು ಹೋದ ಹೊಸದರಲ್ಲಿ ಆ ಊರಿನಲ್ಲಿ ನಿನಗೂ ಹಾಗೇ ಆಗಿತ್ತಲ್ಲ? ರೂಮಿದೆ ಅಂತ ಮೇಲ್ ಹಾಕಿದ್ದ ಹೆಂಗಸು ಬಾಗಿಲು ತೆಗೆದು ನಿನ್ನನ್ನು ನೋಡಿದ ಕೂಡಲೇ ‘ಇಲ್ಲ’ ಅಂದಳು ಅಂತ ರಸ್ತೆಯಲ್ಲೇ ನಿಂತು ಫೋನ್ ಮಾಡಿ ಅತ್ತೆ. ಅವತ್ತು ನಿಮ್ಮಪ್ಪ ಹಾಲ್‌ನಲ್ಲಿ ಅತ್ತಿಂದಿತ್ತ ಓಡಾಡಿದ್ದೇ ಓಡಾಡಿದ್ದು. “ಅವರೂ ಮನುಷ್ಯರೇನೇ? ಒಂದು ಹೆಣ್ಣುಮಗಳನ್ನ ಬೀದಿಲಿ ನಿಲ್ಲಿಸ್ತಾರಲ್ಲ!” ಅಂದರು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಒಂದು ವಾರ ಅದನ್ನೇ ಹೇಳಿದರು.

ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಮೇಲೆ ನಿನ್ನ ಕೋಣೆ ಸುಮ್ಮನೆ ಬೀಗ ಹಾಕಿಕೊಂಡು ಬಿದ್ದಿತ್ತು. “ನಮ್ಮನೇಲಿ ಮಾಂಸ, ಮೀನು ಮಾಡೋ ಹಾಗಿಲ್ಲ ಕಣಮ್ಮ. ಹೊರಗೆ ಏನು ಬೇಕಾದ್ರೂ ತಿನ್ನು, ನಾನು ಕೇಳಲ್ಲ” ಅಂದೆ. ಸಮನ್ವಿತಾ ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಆ ಹುಡುಗಿ ತಲೆಯಾಡಿಸಿ, “ಗೊತ್ತು ಅಮ್ಮಾ, ಲಿಂಗಾಯತ” ಅಂದಳು. ನನಗೆ ನಗು ತಡೆಯಲಾಗಲಿಲ್ಲ. ಬಂದು ಒಂದೂವರೆ ವರ್ಷಕ್ಕೆ ನಮ್ಮ ಊರಿನಲ್ಲಿ ಮೊದಲು ಏನು ಕಲಿಯಬೇಕೋ ಅದನ್ನು ಕಲಿತಿದ್ದಳು.

ನಿಮ್ಮಪ್ಪನೂ ಒಪ್ಪಿಯೇ ಒಪ್ಪಿದರು. ಅದನ್ನು ಮರೆಯಬೇಡ. ಮೇಲಿನ ಟ್ಯೂಬ್‌ಲೈಟು ತಾವೇ ಬದಲಾಯಿಸಿಕೊಟ್ಟರು. ಊಟಕ್ಕೆ ಕೂತಾಗ ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದುವುದನ್ನು ನೋಡಿ, “ನೋಡೇ ಪ್ರೇಮಾ, ನಿನ್ನ ಮಗಳಿಗಿಂತ ಚೆನ್ನಾಗಿ ತಿಂತಾಳೆ” ಅಂದರು. ಅವರ ಊರಿನಲ್ಲೂ ಮೆಕ್ಕೆಜೋಳದ ಹಿಟ್ಟಿನಲ್ಲಿ ಇಂಥದ್ದೇ ಮಾಡುತ್ತಾರಂತೆ. ಅವಳ ತಾಯಿಯೂ ನನ್ನ ಹಾಗೆ ಸ್ಕೂಲ್ ಟೀಚರು. ಒಂದು ದಿನ ವಿಡಿಯೋದಲ್ಲಿ ತೋರಿಸಿದಳು. ಆಕೆಗೆ ಕನ್ನಡ ಬಾರದು, ನನಗೆ ಅವರ ಭಾಷೆ ಬಾರದು. ನೀಮಾ ಮಧ್ಯೆ ಕೂತು ಅತ್ತದ್ದು ಇತ್ತ, ಇತ್ತದ್ದು ಅತ್ತ ಹೇಳಿದಳು. ಆಕೆ ನನ್ನ ಕೇಳಿದ್ದು ಒಂದೇ: ಮಗಳು ಸರಿಯಾಗಿ ಊಟ ಮಾಡುತ್ತಾಳಾ ಅಂತ. “ನಮ್ಮನೆ ಮಗಳ ಹಾಗೇ ನೋಡ್ಕೋತೀನಿ ಅಂತ ಹೇಳು” ಅಂದೆ. ನೀಮಾ ಹೇಳಿದಳು. ಆ ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡುಬಿಟ್ಟರು.

ಸಂಕ್ರಾಂತಿಗೆ ಅವಳಿಗೆ ನಿನ್ನ ಹಸಿರು ಲಂಗ ದಾವಣಿ ಉಡಿಸಿ, ಎಳ್ಳು ಬೀರಲು ಜೊತೆಯಲ್ಲಿ ಕರೆದುಕೊಂಡು ಹೋದೆ. ಲಂಗ ಗಿಡ್ಡ ಆಯಿತು, ಆದರೂ ಚೆನ್ನಾಗಿ ಕಂಡಳು. ಮನೆಮನೆಗೂ ಹೋಗಿ ಕಷ್ಟಪಟ್ಟು “ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ” ಅಂತ ಹೇಳುತ್ತಿದ್ದಳು. ಎದುರು ಮನೆಯ ಗುರುಮಲ್ಲಪ್ಪ ಗೇಟಿನ ಹತ್ತಿರವೇ ನಿಂತು ತಗೊಂಡರು. ಒಳಗೆ ಬನ್ನಿ ಅನ್ನಲಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ನನ್ನನ್ನು ಗೇಟಿನಿಂದಾಚೆ ನಿಲ್ಲಿಸಿದವರಲ್ಲ.

ಅಲ್ಲಿಂದ ಶುರುವಾಯಿತು. ಅವರು ನಮ್ಮ ರಸ್ತೆಯ ಸಂಘದ ಅಧ್ಯಕ್ಷರು ನೋಡು, ಬೀದಿಯ ಮಾನ ಮರ್ಯಾದೆಯೆಲ್ಲ ಅವರ ಹೆಗಲ ಮೇಲಿದೆ. ನೀಮಾಳ ಕ್ಲಾಸಿನ ಹುಡುಗನೊಬ್ಬ ಪುಸ್ತಕದ ಬ್ಯಾಗು ಕೊಟ್ಟು ಹೋದದ್ದಕ್ಕೆ “ಯಾರ್‍ಯಾರೋ ಬಂದು ಹೋಗ್ತಾರೆ” ಅಂತಾಯಿತು. ಅವಳು ಟೆರೇಸಿನಲ್ಲಿ ಜಡೆ ಬಿಚ್ಚಿಕೊಂಡು ಕೂತದ್ದಕ್ಕೆ “ಏನೋ ಮಾಟ ಮಂತ್ರ ಇರಬೇಕು” ಅಂತಾಯಿತು. ಒಂದು ಸಂಜೆ ಮೂರು ಜನರನ್ನು ಕಟ್ಟಿಕೊಂಡು ನಮ್ಮ ಮನೆಗೇ ಬಂದರು.

“ಮಹದೇವಪ್ರಸಾದರೇ, ನಾವು ಮಠಕ್ಕೆ ನಡ್ಕೊಳ್ಳೋ ಜನ. ಇದೆಲ್ಲ ನಮಗೆ ಸರಿಹೋಗುತ್ತಾ? ಇವರು ಡ್ರಗ್ಸು ಗಿಗ್ಸು ಅಂತ ಪೇಪರಲ್ಲಿ ಬರ್ತಾ ಇರುತ್ತಲ್ಲ” ಅಂದರು.

“ಓದೋಕೆ ಬಂದಿರೋ ಮಗು ಕಣ್ರೀ ಅದು. ನನ್ನ ಮಗಳೂ ಪರದೇಶದಲ್ಲಿ ಓದ್ತಿದಾಳೆ” ಅಂದರು ನಿಮ್ಮಪ್ಪ. ನಿಜ ಹೇಳಲಾ, ಆ ಕ್ಷಣ ಅವರನ್ನು ಮದುವೆಯಾದದ್ದು ಸಾರ್ಥಕ ಅನ್ನಿಸಿತು.

ನಾನು ಅಡುಗೆಮನೆಯಿಂದ ಬಂದು ಕೇಳಿಯೇಬಿಟ್ಟೆ. “ನಿಮ್ಮ ತಮ್ಮ ಗೋಕುಲಂನಲ್ಲಿ ಫ್ರಾನ್ಸಿನ ಗಂಡ ಹೆಂಡತಿಗೆ ಮನೆ ಕೊಟ್ಟಿದಾರಲ್ಲ, ಅವರ ಜೊತೆ ಫೋಟೋ ತೆಗೆಸ್ಕೊಂಡು ಎಲ್ಲರಿಗೂ ಕಳಿಸಿದ್ರಿ. ಅವರು ಏನು ತಿಂತಾರೆ, ಯಾರು ಬರ್ತಾರೆ ಅಂತ ವಿಚಾರಿಸಿದ್ರಾ?”

“ಅದು ಬೇರೆ ಕಣಮ್ಮ” ಅಂದರು.

“ಏನು ಬೇರೆ, ಹೇಳಿ” ಅಂದೆ. ಬಣ್ಣ ಅಂತ ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿಲ್ಲ. ಎದ್ದು ಹೋದರು. ನಾನು ಗೆದ್ದೆ ಅಂದುಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ ನಿಮ್ಮಪ್ಪನ ವರಸೆ ಬದಲಾಯಿತು. ಊಟಕ್ಕೆ ನೀಮಾ ಬಂದರೆ ಟಿವಿ ಕಡೆ ತಿರುಗಿ ಕೂರುವುದು, “ಇನ್ನೂ ಎಷ್ಟು ದಿನ ಇರ್ತಾಳಂತೆ?” ಅಂತ ನನ್ನ ಕೇಳುವುದು. “ಓದು ಮುಗಿಯೋವರೆಗೂ ಇರ್ತಾಳೆ” ಅಂದೆ. ಟಿವಿಯ ಸದ್ದು ಜಾಸ್ತಿ ಮಾಡಿದರು. ಒಪ್ಪಿದರು ಅಂತ ತಿಳಿದುಕೊಂಡಿದ್ದೆ.

ಹೋದ ವಾರ ನಾನು ಪರೀಕ್ಷೆ ಡ್ಯೂಟಿ ಮುಗಿಸಿ ಮನೆಗೆ ಬಂದರೆ ಮಹಡಿ ಕೋಣೆಯ ಬಾಗಿಲು ತೆಗೆದೇ ಇತ್ತು. ಮಂಚದ ಮೇಲೆ ಹೊದಿಕೆ ನೀಟಾಗಿ ಮಡಿಸಿಟ್ಟಿತ್ತು, ನಿನ್ನ ಲಂಗ ದಾವಣಿ ಒಗೆದು ಇಸ್ತ್ರಿ ಮಾಡಿ ಅದರ ಮೇಲಿಟ್ಟಿತ್ತು. ಅವಳ ಒಂದು ಸಾಮಾನೂ ಇಲ್ಲ. ನಿಮ್ಮಪ್ಪ ಕೆಳಗೆ ಪೇಪರ್ ಓದುತ್ತಾ ಕೂತಿದ್ದರು. ಬೆಳಗಿನ ಪೇಪರು, ಸಾಯಂಕಾಲ!

“ಎಲ್ಲಿ ಅವಳು?”

“ಹೋದಳು. ಆಟೋ ಕರೆಸಿಕೊಟ್ಟೆ.”

“ಯಾಕ್ರೀ?”

“ಯಾಕೆ ಅಂದ್ರೆ? ನನ್ನ ಮನೆ.”

ನಿಶ್ಚಿತಾ, ನಾನು ಇಷ್ಟು ವರ್ಷದ ಸಂಸಾರದಲ್ಲಿ ಅವರೆದುರು ದನಿ ಎತ್ತಿದವಳಲ್ಲ. ಅವತ್ತು ಇಡೀ ರಸ್ತೆಗೆ ಕೇಳುವ ಹಾಗೆ ಕೂಗಿದೆ. “ನಿಮ್ಮ ಮಗಳನ್ನ ಬೀದಿಲಿ ನಿಲ್ಲಿಸಿದಾಗ ಅವರು ಮನುಷ್ಯರೇ ಅಲ್ಲ ಅಂದ್ರಲ್ಲ, ಈಗ ನೀವೇನು?” ಅಂದೆ. ಎದುರು ಮನೆಯ ಕಿಟಕಿ ಮುಚ್ಚಿಕೊಂಡಿತು. ಮುಚ್ಚಲಿ ಅಂತ ಗೇಟಿಗೇ ಹೋಗಿ ಇನ್ನೂ ನಾಲ್ಕು ಮಾತು ಆಡಿದೆ. ಅವೆಲ್ಲ ಕಾಗದದಲ್ಲಿ ಬರೆಯುವಂಥವಲ್ಲ.

ಆಮೇಲೆ ಸಮನ್ವಿತಾ ಮನೆಗೆ ಹೋದೆ. ನೀಮಾ ಅಲ್ಲೇ ಇದ್ದಳು, ಸಮನ್ವಿತಾಳ ಅಜ್ಜಿಯ ಪಕ್ಕ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. “ಬಾ, ವಾಪಸ್ ಹೋಗೋಣ. ಯಾರು ಏನಂತಾರೋ ನಾನು ನೋಡ್ಕೋತೀನಿ” ಅಂದೆ.

“ಬೇಡ ಅಮ್ಮಾ” ಅಂದಳು. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು: ನೀವು ಜಗಳ ಆಡಿದರೆ ಇರಬಹುದು, ಆದರೆ ದಿನಾ ಯಾರೋ ಜಗಳ ಆಡಿ ಉಳಿಸಿಕೊಳ್ಳುವ ಮನೆಯಲ್ಲಿ ನಿದ್ದೆ ಬರಲ್ಲ ಅಂತ. ಅವಳಿಗೆ ನನ್ನ ಮೇಲೆ ಕೋಪವಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಅಜ್ಜಿ ನನ್ನ ಕಡೆ ನೋಡಿ, “ಇಲ್ಲೇ ಇರ್ಲಿ ಬುಡು ತಾಯಿ, ಹಾಲ್‌ನಲ್ಲಿ ಜಾಗ ಅದೆ” ಅಂದರು. ಊರಿನಲ್ಲಿರುವ ನಿನ್ನ ತಾಯಿಗೆ ಏನು ಹೇಳಿದೆ ಅಂತ ನೀಮಾಳನ್ನು ಕೇಳಿದೆ. “ಕಾಲೇಜಿಗೆ ದೂರ ಆಗುತ್ತೆ, ಅದಕ್ಕೆ ಮನೆ ಬದಲಾಯಿಸಿದೆ ಅಂದೆ” ಅಂದಳು. ಸಿದ್ಧಾರ್ಥನಗರ ಎಲ್ಲಿ, ಗಂಗೋತ್ರಿ ಎಲ್ಲಿ! ನಮ್ಮ ಮನೆಯೇ ಹತ್ತಿರ. ಆ ತಾಯಿಗೆ ಮೈಸೂರಿನ ನಕ್ಷೆ ಗೊತ್ತಿಲ್ಲದ್ದು ನಮ್ಮ ಪುಣ್ಯ.

ಈಗ ನಾನು ಮಹಡಿಗೆ ಬಂದುಬಿಟ್ಟಿದ್ದೇನೆ. ನನ್ನ ಬಟ್ಟೆ, ಮಕ್ಕಳ ಉತ್ತರಪತ್ರಿಕೆ ಎಲ್ಲ ಈ ಕೋಣೆಯಲ್ಲಿವೆ. ಅಡುಗೆಗೆ ಮಾತ್ರ ಕೆಳಗಿಳಿಯುತ್ತೇನೆ. ಇನ್ನು ಮೇಲೆ ಪ್ರತಿ ಭಾನುವಾರ ನೀಮಾಗೆ ಊಟ ತಗೊಂಡು ಹೋಗುತ್ತೇನೆ. ಈ ಕೋಣೆ ಇನ್ನು ನಿನ್ನದಲ್ಲ, ನಿಮ್ಮಪ್ಪನದೂ ಅಲ್ಲ. ನೀನು ರಜೆಗೆ ಬಂದಾಗ ಕೆಳಗೆ ಹಾಸಿಕೊಡುತ್ತೇನೆ.

ಓದು ಕೆಡಿಸಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ತಿನ್ನು. ಹೋದ ಊರಿನಲ್ಲಿ ತಲೆ ಎತ್ತಿಕೊಂಡು ಓಡಾಡು, ಯಾರೂ ನಿನ್ನ ಮುಂದೆ ಬಾಗಿಲು ಹಾಕದೇ ಇರಲಿ. ಶಿವ ನಿನಗೆ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ ಅಮ್ಮ,
ಪ್ರೇಮಲೀಲಾ

ಮತ್ತೆ: ಸಹಿ ಮಾಡಿ ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಅವತ್ತು ನಾನು ಕೂಗಾಡಿದಾಗ ನಿಮ್ಮಪ್ಪ ಕೊನೆಗೆ ತಡೆಯಲಾರದೆ ಫೋನ್ ತೆಗೆದು ನೀನು ಕಳಿಸಿದ್ದ ವಾಯ್ಸ್ ಮೆಸೇಜ್ ಹಾಕಿದರು. “ಅಪ್ಪಾಜಿ, ನಾನು ಹೇಳ್ದೆ ಅಂತ ಅಮ್ಮಂಗೆ ಹೇಳ್ಬೇಡಿ. ಆ ಹುಡುಗೀನ ನನ್ನ ರೂಮಿಂದ ಕಳಿಸ್ಬುಡಿ. ನನ್ನ ಮಂಚದ ಮೇಲೆ ಅವಳು ಮಲಗ್ತಾಳೆ ಅಂದ್ರೆ ನಂಗೆ ಹೇಗೋ ಆಗುತ್ತೆ. ಅವರೆಲ್ಲ ಹೇಗಿರ್ತಾರೆ ಅಂತ ಇಲ್ಲಿ ನೋಡ್ತಿದೀನಲ್ಲ.” ಎರಡು ಸಲ ಕೇಳಿದೆ. ನಿಮ್ಮಪ್ಪ ಅದನ್ನು ನನಗೆ ಮಾತ್ರ ಕೇಳಿಸಿದ್ದಲ್ಲ. ಕಳಿಸುವಾಗ ನೀಮಾಗೂ ಹಾಕಿದ್ದಾರೆ, ‘ತಪ್ಪು ನನ್ನದಲ್ಲಮ್ಮ, ನನ್ನ ಮಗಳು ಒಪ್ಪುತ್ತಿಲ್ಲ’ ಅಂತ ತೋರಿಸಲು. ಅವಳಿಗೆ ಈಗ ಅಷ್ಟು ಕನ್ನಡ ಬರುತ್ತೆ. ಸಿದ್ಧಾರ್ಥನಗರದಿಂದ ನಾನು ಹೊರಡುವಾಗ ಗೇಟಿನವರೆಗೂ ಬಂದು, ನನ್ನ ಮನಸ್ಸಿಗೆ ಹಿತವಾಗಲಿ ಅಂತಲೇ ಏನೋ, ನನ್ನ ಕೈ ಹಿಡಿದು ಹೇಳಿದಳು: “ನಿಮ್ಮ ಮಗಳ ಧ್ವನಿ ಥೇಟ್ ನಿಮ್ಮದೇ ಅಮ್ಮಾ.”