ನನ್ನ ಬಲಗೈಗೆ ಎಂಬತ್ತೆಂಟು, ಎಡಗೈಗೆ ನಲವತ್ತೊಂಬತ್ತು

ಆರೋಗ್ಯ ಇಲಾಖೆಯ ದೊಡ್ಡ ಸಾಹೇಬರಿಗೆ,

ಮಾನ್ಯರೇ, ನೀವು ದೀಪ ಹಚ್ಚಿದ ಶಿಬಿರ ನಂಬಿ ನಮ್ಮ ನೆರೆಮನೆ ಪಾಪಮ್ಮನ ಬಾಯಿ ಸೊಟ್ಟಗಾಗಿದೆ, ಬಲಗೈ ಬಿದ್ದುಹೋಗಿದೆ. ನಾಲ್ಕನೇ ಕ್ಲಾಸು ಓದಿದ ಮುದುಕಿ ಬರೆದದ್ದು ಅಂತ ಕಾಗದ ಮಡಿಚಿಡಬೇಡಿ. ಪೂರ್ತಿ ಓದಿ.

ನಮ್ಮೂರ ಸಮುದಾಯ ಭವನದಲ್ಲಿ ನೀವು ಶಾಲು ಹೊದ್ದು ಕೂತಿದ್ದಾಗಲೇ ಕಂಪನಿಯವನು ಮೈಕಿನಲ್ಲಿ ಹೇಳಿದ: ಉಸಿರಾಡಿದಂತೆಲ್ಲ ಒಳಗೆ ಫ್ರೀ ರಾಡಿಕಲ್ ಅನ್ನೋ ಕಿಡಿಗೇಡಿಗಳು ಹುಟ್ಟಿ ಮೈಗೆ ತುಕ್ಕು ಹಿಡಿಸ್ತವಂತೆ, ಅದೇ ಮುಪ್ಪಂತೆ, ಅದಕ್ಕೆ ಋಷಿಗಳ ಕಾಲದ ಆಂಟಿಆಕ್ಸಿಡೆಂಟ್ ಪುಡಿಯೇ ಮದ್ದಂತೆ. ಆಮೇಲೆ ನೀಲಿ ಬೆಳಕಿನ ಪೆಟ್ಟಿಗೆ ಮೇಲೆ ಎಲ್ಲರ ಬಲಗೈ ಇಡಿಸಿದ. ಎಪ್ಪತ್ತನಾಲ್ಕರ ನನಗೆ ಐವತ್ತೆರಡು ವಯಸ್ಸು ಅಂತು ಅದು. ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ಪಾಪಮ್ಮನಿಗೆ ತೊಂಬತ್ತೊಂದು!

"ಅಜ್ಜಿ, ನಿಮ್ಮೊಳಗೆಲ್ಲ ತುಕ್ಕು. ಆ ಬಿ.ಪಿ. ಮಾತ್ರೆ ಬಿಡಿ, ಅದರಿಂದಲೇ ಜಾಸ್ತಿಯಾಗೋದು" ಅಂದ. ಅವಳು ನಿಮ್ಮ ಮುಖ ನೋಡಿದಳು. ನೀವು ಬಾದಾಮಿ ಹಾಲು ಕುಡೀತಿದ್ರಿ. "ಸರ್ಕಾರದ ಡಾಕ್ಟ್ರೇ ಸುಮ್ನವ್ರೆ ಅಂದ್ಮೇಲೆ ನಿಜಾನೇ ಕಣಕ್ಕಾ" ಅಂದಳು. ಪುಡಿ ಡಬ್ಬಿ ಮನೆಗೆ ಬಂತು, ಮಾತ್ರೆ ತಿಪ್ಪೆ ಸೇರಿತು. ಹದಿನೆಂಟನೇ ದಿನ ಮುದ್ದೆ ಕಟ್ಟುತ್ತಾ ಕುಸಿದಳು.

ಆ ಬಿದ್ದ ಕೈ ಹಿಡಿದು ಕೂತಾಗ ನನ್ನ ಉಗುರಿನ ಸಂದಿಯಲ್ಲಿ ಇನ್ನೂ ಮಾಸದ ಹಳದಿ ಕಂಡಿತು. ಶಿಬಿರದ ಹಿಂದಿನ ದಿನ ಮೊಮ್ಮಗಳು ಗಾನವಿಯ ಮದುವೆಗೆ ಅರಿಶಿನ ಕುಟ್ಟಿ ಕಲಸಿದ್ದೆ. ಕೈ ಹಾಕಲು ಬಂದ ಪಾಪಮ್ಮನಿಗೆ, "ಗಂಡ ಇಲ್ದೋಳು, ನೀ ಆ ಕಡೆ ಕೂತ್ಕೊಳೇ" ಅಂದವಳೂ ನಾನೇ. ಅವಳ ಅಂಗೈಗೆ ಬಣ್ಣ ತಾಗಲಿಲ್ಲ. ಆ ಪಾಪ ನನ್ನದು, ನಿಮ್ಮ ತಲೆಗೆ ಕಟ್ಟಲ್ಲ.

ಆ ಪೆಟ್ಟಿಗೆ ಎಣಿಸಿದ್ದು ಅರಿಶಿನದ ಬಣ್ಣವನ್ನೇ ಇರಬೇಕು ಅಂತ ಅನುಮಾನ ಬಂದು, ಅದೇ ಶಿಬಿರ ಪಕ್ಕದೂರಿಗೆ ಬಂದಾಗ ಹೋದೆ. ಚೆನ್ನಾಗಿ ತಿಕ್ಕಿ ತೊಳೆದ ಬಲಗೈ ಇಟ್ಟೆ: ಎಂಬತ್ತೆಂಟು. ಅರಿಶಿನ ಮೆತ್ತಿಕೊಂಡ ಎಡಗೈ ಇಟ್ಟೆ: ನಲವತ್ತೊಂಬತ್ತು. ನನ್ನ ಎಡಗೈಗೆ ನನ್ನ ಬಲಗೈ ಅವ್ವನಾಗಬೇಕು! ಥೂ! ಇದು ವಿಜ್ಞಾನವೇ? ಕಡೂರಿನ ಕಾಲೇಜಲ್ಲಿ ವಿಜ್ಞಾನ ಓದಿದ ಗಾನವಿಯನ್ನೇ ಕೇಳಿದೆ. ಆ ಕಿಡಿಗೇಡಿಗಳಿರೋದು ನಿಜವಂತೆ, ಅವನ್ನು ಹದ್ದುಬಸ್ತಿನಲ್ಲಿಡೋದು ಮೈಗೂ ಗೊತ್ತಂತೆ, ಸೊಪ್ಪು ನೆಲ್ಲಿಕಾಯಿ ತಿಂದರೆ ಒಳ್ಳೇದೇ. ಪುಡಿ ನೆಕ್ಕಿ ಮುಪ್ಪು ನಿಲ್ಲಿಸಿದವರು ಮಾತ್ರ ಯಾರೂ ಇಲ್ಲವಂತೆ. ಹಾಗಾದರೆ ಇದು ಆಯುರ್ವೇದವೇ? ಅಜ್ಜಂಪುರದ ಪಂಡಿತ ತೀರ್ಥಪ್ಪನವರು ಪುಡಿ ಮೂಸಿ ಪಕ್ಕಕ್ಕಿಟ್ಟರು. "ಹುಲಿಗೆಮ್ಮ, ಮುಪ್ಪು ದೂರ ಇಡೋ ರಸಾಯನದಲ್ಲಿ ಬೇರು ನಾರಿನ ಜೊತೆ ನಡತೆಯೂ ಸೇರ್ತದೆ. ಸತ್ಯ ಹೇಳೋದೂ ಒಂದು ರಸಾಯನ. ಇವರ ಡಬ್ಬಿಯಲ್ಲಿ ಅದೊಂದಿಲ್ಲ ನೋಡು" ಅಂದರು.

ಊರಲ್ಲಿ ಇನ್ನೂ ಹನ್ನೊಂದು ಜನ ಮಾತ್ರೆ ಬಿಟ್ಟು ಕೂತಿದ್ದಾರೆ. ನಾನು ಬೈದರೆ, "ನೀನೇನು ಡಾಕ್ಟ್ರಾ?" ಅಂತಾರೆ. ನೀವು ಹೌದಲ್ಲ? ಈ ವಾರದೊಳಗೆ ಅದೇ ಭವನಕ್ಕೆ ಬನ್ನಿ, ಅದೇ ಮೈಕು ಹಿಡಿದು, "ಅವತ್ತು ಹೇಳಿದ್ದು ಸುಳ್ಳು, ಮಾತ್ರೆ ನುಂಗಿ" ಅನ್ನಿ. ದೀಪ ಬೇಡ, ಶಾಲು ಬೇಡ. ಪಾಪಮ್ಮನನ್ನು ಮುಂದಿನ ಸಾಲಲ್ಲೇ ಕೂರಿಸಿರ್ತೀನಿ. ಅವಳ ಬಾಯಿ ಸೊಟ್ಟಗಾಗಿದೆ. ನಿಮ್ಮದು ನೆಟ್ಟಗಿದೆಯಲ್ಲ?

ಇಂತಿ,
ಗೆಳತಿಯನ್ನು ಆ ಕಡೆ ಕೂರಿಸಿದ
ಹುಲಿಗೆಮ್ಮ