ಹಳದಿ ಕಲ್ಲು ಇದ್ದ ಜಾಗ

ನಂದಗುಡಿ
೧೦ ಜುಲೈ ೨೦೨೫

ಯಶಸ್ವಿನಿಯ ಅಪ್ಪನವರಿಗೆ,

ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವ ಹಾಗಿಲ್ಲ. ನನ್ನ ತಮ್ಮ ಮುನಿಕೃಷ್ಣನ ತಿಥಿ ಮುಗಿಯಿತು. ನೀವು ಬರಲಿಲ್ಲ. ಹೆಂಡತಿಯಾದ ನನ್ನಿಂದ ದೂರ ಇದ್ದರೂ ಅವನಿಗೆ ಭಾವ ಅಲ್ಲವೇ ಎಂದು ಊರವರು ಕೇಳಿದರು. ಡ್ಯೂಟಿ ಇರಬೇಕು ಎಂದೆ.

ನಿಮ್ಮ ಕಂಪನಿಯವರು ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದಾರೆ: ಪೆಟ್ರೋಲ್ ಕದಿಯಲು ಪೈಪ್‌ಲೈನ್ ಕೊರೆಯುವಾಗ ರೈತನ ಸಾವು. ಇಷ್ಟು ವರ್ಷ ಪತ್ರಿಕೆ ಓದಿಕೊಂಡು ಬಂದವಳು ನಾನು. ಪೈಪ್ ಎಲ್ಲೇ ಒಡೆಯಲಿ, ಮೊದಲ ದಿನ ಸತ್ತವನೇ ಕಳ್ಳ. ತನಿಖೆ ಮುಗಿಯುವಷ್ಟರಲ್ಲಿ ಓದುವವರೇ ಇರುವುದಿಲ್ಲ.

ಅವನು ಬೋರ್‌ವೆಲ್ ಕೊರೆಸಿದ್ದು ನೀರಿಗೆ. ನೀರು ನೋಡುವ ದೊಡ್ಡಮುನಿಯಪ್ಪ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತಿದ. ಕಾಯಿ ಎದ್ದು ನಿಂತ ಕಡೆ ಅರಿಶಿನ ಕುಂಕುಮ ಹಾಕಿದರು. ಪೂಜೆಯಾದ ಪಾಯಿಂಟನ್ನು ನಮ್ಮಲ್ಲಿ ಯಾರೂ ಒಂದು ಮಾರು ಕೂಡ ಸರಿಸುವುದಿಲ್ಲ, ನಿಮಗೆ ಗೊತ್ತು. ಪೈಪ್ ಹೋಗಿರುವ ಗುರುತಿಗೆ ಹೊಲದಲ್ಲಿ ನೆಟ್ಟಿದ್ದ ಹಳದಿ ಕಲ್ಲನ್ನು ಪಕ್ಕದ ಲೇಔಟಿನ ಜೆಸಿಬಿ ಹೋದ ವರ್ಷವೇ ಕಿತ್ತು ಬಿಸಾಡಿತ್ತು. ಮುನಿಕೃಷ್ಣ ನಿಮ್ಮ ಆಫೀಸಿಗೇ ಹೋಗಿ ಹೇಳಿ ಬಂದಿದ್ದ. ಯಾರೂ ಮತ್ತೆ ನೆಡಲಿಲ್ಲ.

ಆ ಕಲ್ಲು ನೆಟ್ಟ ದಿನ ನನಗೆ ನೆನಪಿದೆ. ಊರವರನ್ನೆಲ್ಲ ಹುಣಸೆಮರದ ಕೆಳಗೆ ಸೇರಿಸಿ, "ವಾಸನೆ ಬಂದ್ರೆ ಬೀಡಿ ಹಚ್ಬೇಡಿ, ಇಂಜಿನ್ ಆಫ್ ಮಾಡಿ, ಹಿಂದೆ ತಿರುಗ್ದೆ ಓಡ್ಬಿಡಿ" ಎಂದಿದ್ದಿರಿ. ನಿಮಗೆ ನಮ್ಮ ಮನೆಯಿಂದ ಊಟ ತಂದವನು ಮುನಿಕೃಷ್ಣ. "ಅಕ್ಕಾ, ಸಾಹೇಬ್ರು ಮುದ್ದೆನ ಅಗಿದು ತಿಂತಾರೆ ಕಣೇ" ಎಂದು ಬಿದ್ದು ಬಿದ್ದು ನಕ್ಕಿದ್ದ. ಆಮೇಲೆ ನಿಮ್ಮನ್ನೇ ಭಾವ ಮಾಡಿಕೊಳ್ಳಬೇಕೆಂದು ಹಟ ಹಿಡಿದವನೂ ಅವನೇ.

ಅವತ್ತು ಪೆಟ್ರೋಲ್ ಚಿಮ್ಮಿದಾಗ ಕೊರೆಯುವವರು ಲಾರಿ ಬಿಟ್ಟು ಓಡಿದರು. ಹೆಂಗಸರು ಪೆಟ್ರೋಲ್ ತುಂಬಿಕೊಳ್ಳಲು ಬಿಂದಿಗೆ ಹಿಡಿದು ಬಂದರು. "ಹೋಗ್ರವ್ವಾ, ಸುಟ್ಟೋಗ್ತೀರ!" ಎಂದು ಕೂಗಿ ಅಕ್ಕಯಮ್ಮನ ಬಿಂದಿಗೆ ಕಿತ್ತು ಎಸೆದನಂತೆ. ಎಲ್ಲರನ್ನೂ ದೂರ ಅಟ್ಟಿ ಲಾರಿಯ ಇಂಜಿನ್ ನಿಲ್ಲಿಸಲು ಹೋದ. ಅಷ್ಟರಲ್ಲಿ ಬೆಂಕಿ ಹತ್ತಿತು. ನೀವು ಹೇಳಿಕೊಟ್ಟಿದ್ದರಲ್ಲಿ ಓಡುವುದೊಂದೇ ಅವನಿಗೆ ಆಗಲಿಲ್ಲ.

ಸೋಮವಾರ ತಾಲ್ಲೂಕು ಕಚೇರಿಯಲ್ಲಿ ವಿಚಾರಣೆ. ಲೈನ್ ನೋಡಿಕೊಳ್ಳುವ ಸೂಪರ್‌ವೈಸರ್ ನೀವೇ. ಕಲ್ಲು ಇರಲಿಲ್ಲ ಎಂದು ಹೇಳಿ. ನಿಮ್ಮ ಕೆಲಸ ಹೋಗಬಹುದು, ಬಲ್ಲೆ. ಆದರೆ ಅವನ ಮಗಳು ಅಕ್ಷತ ನಿನ್ನೆ "ಕಳ್ಳನ ಮಗಳು" ಅನ್ನಿಸಿಕೊಂಡು ಸ್ಕೂಲಿನಿಂದ ಬಂದಳು. ಊಟ ಬಿಟ್ಟಿದ್ದಾಳೆ.

ಇತಿ,
ಶಶಿರೇಖಾ

ಮತ್ತೆ: ಇದನ್ನು ಅವನ ಹೆಂಡತಿ ಪ್ರಮೋದಾ ನನಗೊಬ್ಬಳಿಗೇ ಹೇಳಿದ್ದಾಳೆ, ನಾನು ಯಾರಿಗೂ ಹೇಳಿಲ್ಲ. ಕೊರೆಸುವ ದಿನ ಬೆಳಿಗ್ಗೆ ಅವನು ನಿಮಗೆ ಫೋನ್ ಮಾಡಿ, "ಭಾವ, ಕಾಯಿ ಎದ್ದ ಕಡೆ ಬೋರ್ ಹಾಕಿಸ್ತಿದೀನಿ, ಕಲ್ಲಿಲ್ಲ, ಲೈನ್ ಎಲ್ಲೈತೆ ಬಂದು ತೋರಿಸ್ಕೊಡಿ" ಎಂದು ಕೇಳಿದನಂತೆ. "ಅಕ್ಕ ತಮ್ಮ ಇಬ್ರಿಗೂ ನಾನು ಬೇಡ ಅಲ್ವಾ? ಆ ತೆಂಗಿನಕಾಯಿನೇ ಕೇಳ್ಕೋ ಹೋಗೋ" ಎಂದು ನೀವು ಫೋನ್ ಕುಕ್ಕಿದಿರಂತೆ. ಅವನು ನಕ್ಕು ಪ್ರಮೋದಾಗೆ ಹೇಳಿದ್ದು ಇಷ್ಟೇ: "ಭಾವಂಗೆ ಇನ್ನೂ ಕೋಪ ಇಳಿದಿಲ್ಲ ಕಣೇ. ಲೈನ್ ಅಲ್ಲೇ ಇದ್ದಿದ್ರೆ ಹೇಳ್ದೆ ಇರ್ತಿದ್ರಾ?"